ಬೋರ್ಡಿನ ಮೇಲೆ ಉಳಿದ ಬಿಲ್ಲೆ

ಹೊಲಿಗೆಯಂಗಡಿಯಲ್ಲಿ ಕರೆಂಟು ಹೋಗಿದ್ದರಿಂದ ಸೊಸೆ ಅಂದು ಮಧ್ಯಾಹ್ನ ಹನ್ನೆರಡಕ್ಕೇ ಮನೆಗೆ ಬಂದಳು. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ಅಡುಗೆಮನೆಯಿಂದ ಕಿರ್ರ್ ಕಿರ್ರ್ ಎಂಬ ಸದ್ದು. ಇಲಿಯೇನೋ ಎಂದುಕೊಂಡು ಮೆಲ್ಲಗೆ ಇಣುಕಿದಳು. ಇಲಿಯಲ್ಲ, ಅತ್ತೆ! ಮಂಡಿನೋವೆಂದು ಎರಡು ಮೆಟ್ಟಿಲು ಹತ್ತುವುದಕ್ಕೂ ಗೊಣಗುವ ಅರವತ್ತೆಂಟರ ಹೆಂಗಸು ಸಿಂಕಿನ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಪೈಪಿನ ನಟ್ಟು ತಿರುಗಿಸುತ್ತಿದ್ದರು. ಬಿಗಿ ಮಾಡುತ್ತಿರಲಿಲ್ಲ, ಸಡಿಲ ಮಾಡುತ್ತಿದ್ದರು. ಮೊದಲ ಹನಿ ಅವರ ಹಣೆಯ ಮೇಲೇ ಬಿತ್ತು.

"ಅತ್ತೆ..." ಎಂದಳು ಸೊಸೆ.

ಸ್ಪ್ಯಾನರ್ ನಿಂತಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವರು ಯಾರೂ ಅಷ್ಟು ಗತ್ತಿನಿಂದ ಮಲಗಿರಲಾರರು. "ಬಂದ್ಯಾ? ಬಂದವಳು ಒಂದು ಬಟ್ಟೆ ಕೊಡು. ಕಣ್ಣಿಗೆ ನೀರು ಬಿತ್ತು," ಎಂದರು ಅತ್ತೆ. ಸೊಸೆ ಬಟ್ಟೆ ಕೊಟ್ಟಳು. ಕಣ್ಣಲ್ಲಿದ್ದದ್ದು ಪೈಪಿನ ನೀರೇ ಎಂದು ಅವಳಿಗೇನೂ ಅನ್ನಿಸಲಿಲ್ಲ.

ಈ ಮನೆಯ ಮಗ ಅಗ್ನಿಶಾಮಕ ಠಾಣೆಯಲ್ಲಿ ಕೆಲಸಕ್ಕಿದ್ದವನು. ಐದು ತಿಂಗಳ ಹಿಂದೆ ಬಟ್ಟೆಯ ಗೋದಾಮೊಂದಕ್ಕೆ ಬೆಂಕಿ ಬಿದ್ದಾಗ ಒಳಗೆ ಹೋದವನು ಜೀವಂತ ಹೊರಗೆ ಬರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ, ಹೆಂಡತಿ, ಐದು ವರ್ಷದ ಪುಟ್ಟಿ. ಅವನ ಪಾಳಿಯ ಗೆಳೆಯರಿಗೆ ಅಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಸಮಾಧಾನ ಹೇಳುವುದಂತೂ ಮೊದಲೇ ಬರದು. ಅವರು ಸ್ಕ್ರೂಡ್ರೈವರ್, ಸುತ್ತಿಗೆ, ಸ್ಪ್ಯಾನರ್ ತುಂಬಿದ ಪೆಟ್ಟಿಗೆ ಹಿಡಿದುಕೊಂಡು ಬಂದರು. ಠಾಣೆಯಲ್ಲಿ ವಾರದ ಕೆಲಸ ಹಂಚುವ ಪಟ್ಟಿ ಇರುತ್ತದಲ್ಲ, ಅದರ ಕೊನೆಯ ಸಾಲಿನಲ್ಲಿ ಯಾರೋ 'ಅವನ ಮನೆ' ಎಂದು ಬರೆದರು. ಅಂದಿನಿಂದ ಪ್ರತಿ ಭಾನುವಾರ ಒಬ್ಬೊಬ್ಬರ ಸರದಿ. ನಲ್ಲಿ, ಬಾಗಿಲು, ಕಿಟಕಿ, ಸೂರು, ಏನು ಕೆಟ್ಟರೂ ಸರಿ.

ಅವರು ಮಾಡಿದ ಕೆಲಸದ ಚಂದ ಕೇಳಬೇಡಿ. ಏಣಿ ಹತ್ತುವುದರಲ್ಲಿ ಎತ್ತಿದ ಕೈ ಎಂದು 'ಏಣಿ' ಎಂದೇ ಹೆಸರಾದವನು ಕಿಟಕಿಗೆ ಎಂಥ ಬಣ್ಣ ಬಳಿದನೆಂದರೆ ಆಮೇಲೆ ಆ ಕಿಟಕಿ ತೆಗೆಯಲು ಬರಲೇ ಇಲ್ಲ. ಬೆಂಕಿ ವಾಹನದ ಡ್ರೈವರ್ ಹಿತ್ತಲ ಬಾಗಿಲನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ. ಈಗ ಅದು ತನಗೆ ಮನಸ್ಸು ಬಂದಾಗ ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬನಿಗೆ ಒಂದು ಬಲ್ಬು ಬದಲಿಸಲು ಒಂದೂವರೆ ಗಂಟೆ ಬೇಕಾಯಿತು, ಯಾಕೆಂದರೆ ಸ್ಟೂಲಿನ ಮೇಲೆ ನಿಂತರೆ ಗೋಡೆಯ ಫೋಟೋ ಸರಿಯಾಗಿ ಕಣ್ಣೆದುರಿಗೇ ಬರುತ್ತಿತ್ತು. ಅತ್ತೆ ಎಲ್ಲರನ್ನೂ ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಊರಿನ ಬೆಂಕಿ ಆರಿಸೋರಿಗೆ ಒಂದು ನಟ್ಟು ಬಿಗಿ ಮಾಡೋಕೆ ಬರೋದಿಲ್ವಾ ಎಂದು ಹಂಗಿಸುತ್ತಿದ್ದರು. ಅವರೆಲ್ಲ ತಲೆ ತಗ್ಗಿಸಿ ಬೈಸಿಕೊಂಡು, ಚಹಾ ಕುಡಿದು, ಬಂದದ್ದಕ್ಕಿಂತ ಹಗುರಾಗಿ ಹೋಗುತ್ತಿದ್ದರು. ಸಿಂಕಿನ ಕೆಳಗೆ ತಲೆ ಹಾಕಿದವನ ಭುಜ ಅಲುಗುವುದು ಕಂಡರೆ ಸೊಸೆ ಸುಮ್ಮನೆ ಮಿಕ್ಸಿ ತಿರುಗಿಸಿಬಿಡುತ್ತಿದ್ದಳು. ಖಾಲಿ ಮಿಕ್ಸಿ... ಅವನ ಅಳು ಅವನ ಕಿವಿಗೂ ಬೀಳದಿರಲಿ ಎಂದು.

ಇಷ್ಟು ಜನ ರಿಪೇರಿ ಮಾಡಿದರೂ ಈ ಮನೆ ಹೀಗೇಕೆ ಕೆಡುತ್ತದೆ ಎಂದು ಸೊಸೆಗೆ ಆಶ್ಚರ್ಯವಾಗುತ್ತಿತ್ತು. ಇಂದು ಉತ್ತರ ಸಿಕ್ಕಿತು.

"ಎಷ್ಟು ದಿನದಿಂದ ಇದು, ಅತ್ತೆ?"

"ಎರಡು ತಿಂಗಳಾಯ್ತು." ಅತ್ತೆ ಗೋಡೆ ಹಿಡಿದು ಎದ್ದು ಕುಳಿತರು. "ಪಾಳಿಯಲ್ಲಿ ಒಂಬತ್ತು ಜನ. ಒಬ್ಬ ಅಲ್ಲಿ ಫೋಟೋದಲ್ಲಿ ಕೂತಿದ್ದಾನೆ. ಏಳು ಜನ ಬಂದು ಹೋದ್ರು, ಒಬ್ಬೊಬ್ಬರು ಎರಡು ಮೂರು ಸಲ. ಒಬ್ಬ ಮಾತ್ರ ಬಂದಿಲ್ಲ. ಸರದಿ ಅಂದ್ಮೇಲೆ ಸರದಿ ತಾನೇ? ಕೆಡ್ತಾ ಇದ್ರೆ ಒಂದಲ್ಲ ಒಂದಿನ ಅವನ ಸರದಿನೂ ಬರ್ಬೇಕು."

ಯಾರೆಂದು ಸೊಸೆಗೆ ಗೊತ್ತಿತ್ತು. ಆ ಒಬ್ಬನೆಂದರೆ ಗಂಡನ ಜೊತೆಗಾರ. ಬೆಂಕಿಯೊಳಗೆ ಒಬ್ಬೊಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರೇ ಹೋಗಬೇಕು. ಹನ್ನೊಂದು ವರ್ಷ ಆ ಇಬ್ಬರು ಜೊತೆಯಾಗಿ ಹೋಗಿ ಜೊತೆಯಾಗಿ ಬಂದವರು. ಆ ದಿನ ಅವನೊಬ್ಬನೇ ಬಂದ. ಅವನನ್ನು ಕರೆಸಿ ಅತ್ತೆ ಇನ್ನೇನು ಹೇಳಬೇಕೆಂದಿದ್ದಾರೆ? ಆ ದಿನ ಹೇಳಿದ್ದು ಸಾಲದೇ?

ಆ ದಿನವನ್ನು ನೆನೆದರೆ ಸೊಸೆಗೆ ಇಂದಿಗೂ ಅದು ನಡೆದದ್ದೋ ಕನಸೋ ಎಂದು ಅನುಮಾನವಾಗುತ್ತದೆ. ದೊಡ್ಡ ಬೆಂಕಿಗೆ ಹೋದಾಗಲೆಲ್ಲ ಮಗ ಹೊರಗೆ ಬಂದ ಕೂಡಲೇ ಮನೆಗೆ ಒಂದು ಫೋನು ಬರಬೇಕೆಂಬುದು ಅತ್ತೆಯ ಕಟ್ಟಾಜ್ಞೆ. ಫೋನು ಮಾಡುವವರು ಬೋರ್ಡು ಮೇಷ್ಟ್ರು. ಒಳಗೆ ಹೋಗುವವರು ತಮ್ಮ ಹೆಸರಿನ ಲೋಹದ ಬಿಲ್ಲೆಯನ್ನು ಒಂದು ಬೋರ್ಡಿಗೆ ತಗುಲಿಸಿ ಹೋಗುತ್ತಾರೆ, ಹೊರಗೆ ಬಂದವರು ತಮ್ಮದನ್ನು ತಾವೇ ತೆಗೆದುಕೊಳ್ಳುತ್ತಾರೆ. ಬೋರ್ಡಿನ ಮೇಲೆ ಉಳಿದ ಬಿಲ್ಲೆ ಯಾರದೋ ಅವನು ಇನ್ನೂ ಒಳಗಿದ್ದಾನೆ ಎಂದು ಅರ್ಥ. ಆ ಬೋರ್ಡಿನ ಕಾವಲಿಗೆ ನಿಲ್ಲುವ ಹಿರಿಯ ಅಧಿಕಾರಿಗೆ ಎಲ್ಲರೂ ಇಟ್ಟ ಹೆಸರೇ ಬೋರ್ಡು ಮೇಷ್ಟ್ರು. ಅಂದು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರ ಫೋನು ಬಂತು. ನಿಮ್ಮ ಮಗ ಹೊರಗೆ ಬಂದ ಅಮ್ಮಾ, ತನ್ನ ಕಾಲ ಮೇಲೇ ನಡೆದು ಬಂದ, ಹೊಗೆ ಕುಡಿದು ತಲೆ ಸುತ್ತಿದೆ, ಆಸ್ಪತ್ರೆಗೆ ಕಳಿಸಿದ್ದೇವೆ, ಗಾಬರಿಯೇನಿಲ್ಲ ಎಂದರು. ಜೊತೆಗಾರ ಮಾತ್ರ ಇನ್ನೂ ಒಳಗಿದ್ದಾನೆ ಎನ್ನುವಾಗ ಅವರ ದನಿ ಒಡೆದಿತ್ತು.

ಅತ್ತೆ ಮುಖ ತೊಳೆದರು, ತಲೆ ಬಾಚಿಕೊಂಡರು, ಮಗನ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿಯೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಬಾಡಿಗೆ ಕಾರಿನಲ್ಲಿ ಕುಳಿತಾಗ, ಮದುವೆಯಾಗಿ ಏಳು ವರ್ಷದಲ್ಲಿ ಮೊದಲ ಬಾರಿಗೆ, ಸೊಸೆಯ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಏಳು ವರ್ಷವೂ ಅವಳ ಅಡುಗೆಯಲ್ಲಿ ಉಪ್ಪು ಹುಡುಕಿದವರು, ನಡಿಗೆಯಲ್ಲಿ ಸದ್ದು ಹುಡುಕಿದವರು! ರಸ್ತೆಬದಿಯ ಮರಗಳ ನೆರಳು ಅವರಿಬ್ಬರ ಮಡಿಲ ಮೇಲೆ ಒಂದೊಂದಾಗಿ ಹಾದುಹೋಗುತ್ತಿತ್ತು. ಹೊರಗೆ ನೋಡುತ್ತಾ ಅತ್ತೆ, ಈ ರಸ್ತೆ ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು ಎಂದರು. ನೀನು ಈ ಮನೆಗೆ ಬಂದ ಮೇಲೆ ಅವನು ಒಂದು ದಿನವೂ ಉಪವಾಸ ಕೆಲಸಕ್ಕೆ ಹೋಗಿಲ್ಲ, ನನಗೆ ಹೇಳೋಕೆ ಬರೋದಿಲ್ಲ ಅಷ್ಟೇ ಎಂದರು. ಸೊಸೆಗೆ ಮೈಯೆಲ್ಲ ಹಗುರಾಗಿ, ಕಾರು ನೆಲಕ್ಕೆ ತಾಗದೆ ಹೋಗುತ್ತಿರುವಂತೆ ಅನ್ನಿಸಿತು. ಆ ದಾರಿ ಮುಗಿಯದೇ ಇದ್ದಿದ್ದರೆ...

ನಾಲ್ಕು ಗಂಟೆಗೆ ಆಸ್ಪತ್ರೆಯ ಮಂಚದ ಸುತ್ತಲಿನ ಪರದೆಯನ್ನು ಅತ್ತೆಯೇ ಸರಿಸಿದರು. ಮಂಚದ ಮೇಲಿದ್ದವನು ಜೊತೆಗಾರ.

ಅವನು ಕಣ್ಣು ಬಿಟ್ಟು ಇವರನ್ನು ನೋಡಿದ. ಅತ್ತೆ ಕೈಯಲ್ಲಿದ್ದ ಅಂಗಿಯನ್ನು ನೋಡಿದರು, ಅವನನ್ನು ನೋಡಿದರು. "ನೀನ್ಯಾಕೆ ಇಲ್ಲಿದ್ದೀಯ?" ಎಂದು ಕೇಳಿದರು. ಕಿರುಚಲಿಲ್ಲ. ದಾರಿ ತಪ್ಪಿ ಬೇರೆ ಮನೆಗೆ ಹೊಕ್ಕವರನ್ನು ಕೇಳುವ ಹಾಗೆ, ಮೆಲ್ಲಗೆ ಕೇಳಿದರು.

ಆಮೇಲೆ ಕಾರಿನ ಮಾತುಗಳನ್ನು ಅತ್ತೆ ಮತ್ತೆ ಆಡಲಿಲ್ಲ. ಮೊದಲಿನ ಹಾಗೇ ಉಪ್ಪು ಹುಡುಕಿದರು. ಸೊಸೆ ಎರಡು ಸಾವು ಕಂಡವಳಂತೆ ಓಡಾಡಿದಳು. ಗಂಡನೂ ಹೋದ, ಆ ಕಾರಿನಲ್ಲಿ ಸಿಕ್ಕ ತಾಯಿಯೂ ಹೋದಳು.

ಸಿಂಕಿನ ಸಂಗತಿ ಬಯಲಾದ ಮರುದಿನವೇ ಅವಳು ಠಾಣೆಗೆ ಹೋದಳು. ಕಳೆದ ವಾರ 'ಏಣಿ' ಮರೆತು ಹೋಗಿದ್ದ ಸ್ಪ್ಯಾನರ್ ಕೊಡುವ ನೆಪವಿತ್ತು. ಬೋರ್ಡು ಮೇಷ್ಟ್ರು ಅವಳನ್ನು ಕಂಡು ಎದ್ದು ನಿಂತರು. ಅವರ ಹಿಂದಿನ ಗೋಡೆಯ ಮೇಲೆ ಅಂದಿನ ಆ ಬೋರ್ಡು ತೂಗುತ್ತಿತ್ತು. ಮಸಿ ಒರೆಸಿರಲಿಲ್ಲ. ಸಾಲು ಸಾಲು ಖಾಲಿ ಕೊಕ್ಕೆಗಳ ನಡುವೆ ಒಂದರಲ್ಲಿ ಮಾತ್ರ ಒಂದು ಬಿಲ್ಲೆ ಇತ್ತು. ಜೊತೆಗಾರನದು. ಅವಳು ಕೇಳದಿದ್ದರೂ ಮೇಷ್ಟ್ರು ಹೇಳತೊಡಗಿದರು. ಅಂದು ಹೊಗೆಯಲ್ಲಿ ಮುಖದ ಮೇಲೆ ಮಾಸ್ಕ್ ಇದ್ದವನೊಬ್ಬ ತೂರಾಡುತ್ತಾ ಬಂದು ಬಿಲ್ಲೆ ತೆಗೆದುಕೊಂಡು ಕುಸಿದು ಬಿದ್ದ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಆಂಬುಲೆನ್ಸ್ ಅವನನ್ನು ಕರೆದೊಯ್ದ ಮೇಲೆ ಬೋರ್ಡಿನಲ್ಲಿ ಉಳಿದ ಬಿಲ್ಲೆ ನೋಡಿ ಇವರು ಫೋನು ಮಾಡಿದರು. ಹುಡುಕಾಟ ಒಂದು ಕ್ಷಣವೂ ನಿಲ್ಲಲಿಲ್ಲ. ಒಳಗೆ ಒಬ್ಬನಿದ್ದಾನೆ ಎಂದು ಬೋರ್ಡು ಸರಿಯಾಗಿಯೇ ಹೇಳುತ್ತಿತ್ತು, ಯಾರು ಎಂಬುದನ್ನಷ್ಟೇ ತಪ್ಪು ಹೇಳಿತು. ಗಾಬರಿಯಲ್ಲಿ ತಪ್ಪು ಬಿಲ್ಲೆ ತೆಗೆದೆ ಎಂದು ಜೊತೆಗಾರ ವಿಚಾರಣೆಯಲ್ಲಿ ಒಪ್ಪಿಕೊಂಡ.

"ಆ ಫೋನು ಮಾಡಿದ ಬಾಯಿ ನನ್ನದು, ತಾಯಿ," ಎಂದರು ಮೇಷ್ಟ್ರು. "ಅವನನ್ನ ಏನೂ ಅನ್ನಬೇಡಿ. ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಹೋಗ್ತಾನೆ. ಕಾಗದ ಕೊಟ್ಟುಬಿಟ್ಟಿದ್ದಾನೆ. ಅವನ ಬಿಲ್ಲೆ ಅವನೇ ತೆಗೀಬೇಕು, ನಾವು ಮುಟ್ಟೋ ಹಾಗಿಲ್ಲ. ಎಷ್ಟು ಹೇಳಿದ್ರೂ ತೆಗೀತಾ ಇಲ್ಲ. ನಮ್ಮ ಲೆಕ್ಕದಲ್ಲಿ ಅವನಿನ್ನೂ ಒಳಗೇ ಇದ್ದಾನೆ."

ಜೊತೆಗಾರ ಹಿಂದಿನ ಗೋಪುರದಲ್ಲಿದ್ದ. ಹೋಸ್ ಪೈಪುಗಳನ್ನು ತೊಳೆದು ಉದ್ದಕ್ಕೆ ತೂಗುಹಾಕಿ ಒಣಗಿಸುವ ಎತ್ತರದ ಗೋಪುರ ಅದು. ಐದು ತಿಂಗಳಿಂದ ಅವನು ಬೆಂಕಿಗೆ ಹೋಗಿಲ್ಲ, ಒಣಗಿಸುವ ಕೆಲಸವನ್ನಷ್ಟೇ ಮಾಡುತ್ತಾನೆ. ಮೇಲಿನ ಕಿಂಡಿಗಳಿಂದ ಬಿಸಿಲು ಇಳಿದು, ನೇತುಬಿದ್ದ ಬಿಳಿ ಪೈಪುಗಳ ನಡುವೆ ನಿಂತಿತ್ತು. ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಳಿ ಬಂದರೆ ಪೈಪುಗಳೆಲ್ಲ ಒಟ್ಟಿಗೆ ಮೆಲ್ಲಗೆ ತೂಗುತ್ತಿದ್ದವು. ಅಲ್ಲಿ ನಿಂತರೆ ಹೊರಗಿನ ಊರೊಂದು ಇದೆಯೆಂಬುದೇ ಮರೆತುಹೋಗುವಂತಿತ್ತು. ಅವನು ಅವಳನ್ನು ಕಂಡು ಓಡಿಹೋಗಲಿಲ್ಲ. ಓಡುವ ಶಕ್ತಿಯೂ ಇದ್ದಂತಿರಲಿಲ್ಲ.

"ಗಾಬರಿಯಲ್ಲಿ ಆದದ್ದಲ್ಲ ಅತ್ತಿಗೆ," ಎಂದ. "ನಿಮಗಾದ್ರೂ ನಿಜ ಗೊತ್ತಿರಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವಿಬ್ಬರೂ ಮಾತಾಡಿಕೊಂಡಿದ್ವಿ. ಹೊರಗೆ ಬಂದಾಗ ಅವನ ಬಿಲ್ಲೆ ನಾನು ತೆಗೆಯೋದು, ನನ್ನದು ಅವನು. ಆಮೇಲೆ ಒಬ್ಬರ ಕೈಗೆ ಒಬ್ಬರು ಕೊಡೋದು. ನಿಯಮಕ್ಕೆ ವಿರುದ್ಧ, ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೇ ಕೈ ಹಾಕ್ತಿದ್ವಲ್ಲ, ಮೇಷ್ಟ್ರಿಗೂ ಕಾಣ್ತಿರಲಿಲ್ಲ. ಒಬ್ಬನೇ ಬರಬಾರದು ಅಂತ ಮಾಡ್ಕೊಂಡಿದ್ದು ಅದು..."

ಅಂದು ಜೊತೆಗಾರನ ಬೆನ್ನಿಗಿದ್ದ ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದಿತ್ತು. ನೀನು ನಡಿ, ನಾನು ನಿನ್ನ ಬೆನ್ನ ಹಿಂದೇನೇ ಇದ್ದೀನಿ ಎಂದ ಗೆಳೆಯ ಅವನ ಹೆಗಲು ತಟ್ಟಿ ಮುಂದೆ ಮಾಡಿದ. ಇವನು ನಡೆದ. ಬೋರ್ಡಿನ ಬಳಿ ಬಂದು ರೂಢಿಯಂತೆ ಗೆಳೆಯನ ಬಿಲ್ಲೆ ತೆಗೆದು, ಕೊಡಲೆಂದು ಹಿಂದೆ ತಿರುಗಿ ಕೈ ಚಾಚಿದ. ಹಿಂದೆ ಯಾರೂ ಇರಲಿಲ್ಲ. ಬಟ್ಟೆ ಪೇರಿಸಿದ್ದ ಕಬ್ಬಿಣದ ಅಟ್ಟಣಿಗೆ ಅವರಿಬ್ಬರ ನಡುವೆ ಕುಸಿದು ಬಿದ್ದದ್ದು ಅವನಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ವಿಚಾರಣೆಯಲ್ಲಿ ನಿಜ ಹೇಳಿದ್ದರೆ ಸತ್ತವನೂ ಹನ್ನೊಂದು ವರ್ಷ ನಿಯಮ ಮುರಿದವನು ಎಂದು ಕಾಗದದಲ್ಲಿ ಬರೆಯುತ್ತಿದ್ದರು. ಹಾಗಾಗಿ ಎಲ್ಲ ತಪ್ಪನ್ನೂ ತನ್ನ ಮೇಲೆ ಹಾಕಿಕೊಂಡ.

"ಅವರು ಮನೆಯಲ್ಲಿ ಹೇಳ್ತಿದ್ರು, ನನ್ನ ಹೊರಗೆ ತರೋನು ಅವನು, ಅವನನ್ನ ತರೋನು ನಾನು ಅಂತ. ಸುಮ್ಮನೆ ಮಾತಿಗೆ ಹೇಳ್ತಾರೆ ಅಂದ್ಕೊಂಡಿದ್ದೆ," ಎಂದಳು ಸೊಸೆ. ಪೈಪಿನಿಂದ ಬಿದ್ದ ಹನಿ ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಮ್ಮ ಕೇಳಿದ್ದು ಸರಿಯಾಗೇ ಇದೆ. ನಾನ್ಯಾಕೆ ಇಲ್ಲಿದ್ದೀನಿ?"

ಆಗ ಅವಳು, ಐದು ತಿಂಗಳಿಂದ ನುಂಗಿಕೊಂಡಿದ್ದುದನ್ನು ಹೇಳಿಬಿಟ್ಟಳು. "ಆ ಪರದೆ ಸರಿದಾಗ ನನಗೂ ಅದೇ ಅನ್ನಿಸಿತ್ತು. ಬಾಯಿ ಬಿಟ್ಟು ಕೇಳಿದವರು ಅತ್ತೆ, ಅಷ್ಟೇ. ನಾನು ಕೇಳದೇ ಇದ್ದದ್ದಕ್ಕೆ ಒಳ್ಳೆಯವಳಾಗಿಬಿಟ್ಟೆ." ಹೋಗುವ ಮುನ್ನ ಅವಳು ಸಿಂಕಿನ ಪೈಪು ಸೋರುತ್ತಿದೆ, ಭಾನುವಾರ ಬನ್ನಿ ಎಂದಳು. ಅತ್ತೆ ಏನು ಅಂದರೂ ತಾನು ಪಕ್ಕದಲ್ಲೇ ಇರುತ್ತೇನೆ ಎಂದೂ ಹೇಳಿದಳು.

ಭಾನುವಾರ ಹತ್ತು ಗಂಟೆಗೆ ಬಂದ. ಅತ್ತೆ ಬಾಗಿಲು ತೆರೆದು ಅಡುಗೆಮನೆಯ ಕಡೆ ಕೈ ತೋರಿಸಿದರು. ಅವನು ಸಿಂಕಿನ ಕೆಳಗೆ ನುಸುಳಿದ. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. ಇವರ ಮಾಮೂಲಿ ಬೈಗುಳ ಇವತ್ತು ಬರಲಿಲ್ಲ, ಅದೇ ಭಯ ಹುಟ್ಟಿಸಿತು. ಪುಟ್ಟಿ ಪೆಟ್ಟಿಗೆಯಿಂದ ಒಂದೊಂದೇ ಸಾಮಾನು ತೆಗೆದು, ಇದಾ, ಇದಾ ಎಂದು ಅವನಿಗೆ ತೋರಿಸುತ್ತಿದ್ದಳು. ಸೊಸೆ ಮಿಕ್ಸಿಯ ಬಳಿ ನಿಂತಿದ್ದಳು, ಬೇಕಾದರೆ ಇರಲಿ ಎಂದು.

ಕೆಲಸ ಮುಗಿಸಿ ಎದ್ದು ಬಂದವನು ಜೇಬಿನಿಂದ ಒಂದು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಮಗನ ಹೆಸರಿತ್ತು. ಐದು ತಿಂಗಳು ಬೆರಳಲ್ಲಿ ತಿಕ್ಕಿ ತಿಕ್ಕಿ ಅಂಚು ಹೊಳೆಯುತ್ತಿತ್ತು. ಅವನು ಗೋಪುರದಲ್ಲಿ ಹೇಳಿದ್ದನ್ನೆಲ್ಲ ಅತ್ತೆಗೂ ಹೇಳಿದ. ರೂಢಿ, ಗೆಳೆಯನ ಕೊನೆಯ ಮಾತು, ಚಾಚಿದ ಕೈ... ಏನನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಅವನು ಎಷ್ಟು ಹೊತ್ತಿಗೆ ಹೋದ?"

"ಸಿಲಿಂಡರಿನಲ್ಲಿ ಗಾಳಿ ಮುಗಿದದ್ದು ಮೂರೂ ಇಪ್ಪತ್ತರ ಸುಮಾರಿಗೆ ಅಂತ ಹೇಳಿದ್ರು, ಅಮ್ಮ."

"ಮೂರೂ ಇಪ್ಪತ್ತು." ಅತ್ತೆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡರು. "ನನಗೆ ಫೋನು ಬಂದದ್ದೂ ಆಗಲೇ."

ಬಂತು, ಇನ್ನೇನು ಬೈಗುಳ ಬಂತು ಎಂದುಕೊಂಡಳು ಸೊಸೆ.

"ಐದು ತಿಂಗಳಿಂದ ಇದನ್ನೇ ಕೂತು ಯೋಚನೆ ಮಾಡಿದ್ದೀನಿ," ಎಂದರು ಅತ್ತೆ. "ಬೇರೆ ತಾಯಂದಿರಿಗೆ ಮಗ ಹೋದ ಅಂದ್ರೆ ಹೋದ. ನನ್ನ ಮಗ ಹೋದ ಮೇಲೂ ನಲವತ್ತು ನಿಮಿಷ ನನ್ನ ಪಾಲಿಗೆ ಬದುಕಿದ್ದ. ನಾನು ಅವನಿಗೆ ಅಂಗಿ ತೆಗೆದಿಟ್ಕೊಂಡೆ. ಯಾವತ್ತೂ ನೋಡದ ರಸ್ತೆ ನೋಡಿದೆ. ಇವಳ ಕೈ ಹಿಡ್ಕೊಂಡೆ." ಸೊಸೆಯ ಕಡೆ ತಿರುಗಲಿಲ್ಲ, ಆದರೆ ದನಿ ಅವಳ ಕಡೆಗೇ ಇತ್ತು. "ಕಾರಲ್ಲಿ ಹೇಳಿದ್ದು ಸುಳ್ಳಲ್ಲ ಕಣೇ. ಖುಷಿಯಲ್ಲಿ ಬಾಯಿಗೆ ಬಂತು. ದುಃಖದಲ್ಲಿ ಹೇಳೋಕೆ ನನಗೆ ಬರ್ಲಿಲ್ಲ, ಅಷ್ಟೇ. ನನ್ನ ಜೀವಮಾನದಲ್ಲಿ ಅಂಥ ನಲವತ್ತು ನಿಮಿಷ ಇನ್ನೊಂದಿಲ್ಲ. ಅದನ್ನ ಯಾರು ಕೊಟ್ರು ಅಂತ ಕೇಳಿದ್ರೆ ಎಲ್ಲರೂ ತಪ್ಪು ಆಯ್ತು, ತಪ್ಪು ಆಯ್ತು ಅಂತಾರೆ. ನನಗೆ ತಪ್ಪು ಬೇಡ. ನನಗೆ ಆ ಹುಡುಗ ಬೇಕಾಗಿತ್ತು. ಅದಕ್ಕೇ ನಟ್ಟು ಸಡಿಲ ಮಾಡಿದ್ದು."

ಜೊತೆಗಾರ ನಿಂತಲ್ಲೇ ಮುಖ ಮುಚ್ಚಿಕೊಂಡ. ಅಯ್ಯೋ, ಅದೆಂಥ ಅಳು! ಐದು ತಿಂಗಳ ಹೊಗೆಯೆಲ್ಲ ಒಮ್ಮೆಲೇ ಹೊರಬಂದಂತೆ ಭುಜ, ಬೆನ್ನು ಎಲ್ಲ ನಡುಗಿತು. ಸೊಸೆಯ ಕೈ ತಾನಾಗಿಯೇ ಮಿಕ್ಸಿಯ ಕಡೆ ಹೋಯಿತು. ಅತ್ತೆ ತಲೆಯಲ್ಲಾಡಿಸಿದರು.

"ಬೇಡ, ಬಿಡು. ಅಳಲಿ, ಕೇಳಿಸಲಿ," ಎಂದರು. ಎದ್ದು ಹೋಗಿ, ತಮಗಿಂತ ಎರಡು ಗೇಣು ಎತ್ತರದವನ ತಲೆಯನ್ನು ಕೈಯೆತ್ತಿ ತಮ್ಮ ಹೆಗಲಿಗೆ ಎಳೆದುಕೊಂಡರು. "ಅವತ್ತು ನೀನ್ಯಾಕೆ ಇಲ್ಲಿದ್ದೀಯ ಅಂದೆ. ಇವತ್ತು ಹೇಳ್ತೀನಿ ಕೇಳು. ಅವನು ನಿನ್ನ ಮುಂದೆ ಕಳಿಸಿದ, ಅದಕ್ಕೇ ಇದ್ದೀಯ. ನನ್ನ ಮಗ ಕಳಿಸಿದವನನ್ನ ಯಾಕೆ ಬಂದೆ ಅಂತ ಕೇಳಿಬಿಟ್ಟೆನಲ್ಲ ನಾನು..."

ಅಂದು ಮಧ್ಯಾಹ್ನವೇ ಅತ್ತೆ ಠಾಣೆಗೆ ಹೊರಟರು. ಮಂಡಿನೋವಿನ ಮಾತೇ ಎತ್ತಲಿಲ್ಲ. ಅವರನ್ನು ಕಂಡು ಪಾಳಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸಾಲಾಗಿ ನಿಂತರು. ಯಾವ ಬಾಗಿಲು ಕಿತ್ತುಬಂತೋ ಎಂದು ಡ್ರೈವರ್ ಹೆದರಿಕೊಂಡಿರಬೇಕು. ಅತ್ತೆ ನೇರವಾಗಿ ಬೋರ್ಡಿನ ಮುಂದೆ ಹೋಗಿ ನಿಂತು, ಉಳಿದ ಆ ಒಂದು ಬಿಲ್ಲೆಯನ್ನು ನೋಡಿದರು. ಅದು ಕೊಕ್ಕೆಯ ತುದಿಯಲ್ಲಿ ಸ್ವಲ್ಪ ವಾಲಿ, ಇನ್ನೂ ಯಾರನ್ನೋ ಕಾಯುವಂತಿತ್ತು. ಬೇರೆಯವರು ಮುಟ್ಟುವಂತಿಲ್ಲ ಎಂಬ ನಿಯಮ ಮೇಷ್ಟ್ರ ನಾಲಿಗೆ ತುದಿಯವರೆಗೆ ಬಂದು ಅಲ್ಲೇ ಉಳಿಯಿತು.

"ಇದು ತೆಗೀಬೇಕಾಗಿದ್ದು ನನ್ನ ಮಗ," ಎಂದರು ಅತ್ತೆ. "ಅವನಿಗೆ ತಡ ಆಯ್ತು. ನಾನು ತೆಗೀತಿದ್ದೀನಿ."

ಕೊಕ್ಕೆ ಎತ್ತರದಲ್ಲಿತ್ತು, ಕೈ ಎಟುಕಲಿಲ್ಲ. ಸೊಸೆ ಮುಂದೆ ಬಂದು ಅತ್ತೆಯ ಮೊಣಕೈಯನ್ನು ಕೆಳಗಿನಿಂದ ಆನಿಸಿ ಎತ್ತಿದಳು. ಬಿಲ್ಲೆ ಕೊಕ್ಕೆಯಿಂದ ಕಳಚಿ ಬಂತು. ಅತ್ತೆ ಹಿಂದೆ ತಿರುಗಿ ಕೈ ಚಾಚಿದರು. ಈ ಸಲ ಹಿಂದೆ ಅವನು ನಿಂತಿದ್ದ.

"ತಗೋ ಮಗನೇ. ಹೊರಗೆ ಬಾ," ಎಂದರು.

ಅವನು ತೆಗೆದುಕೊಂಡ. ಬೋರ್ಡು ಮೇಷ್ಟ್ರು ಗಡಿಯಾರ ನೋಡಿ, ಕಣ್ಣೊರೆಸಿಕೊಳ್ಳುತ್ತಾ, ಅವನು ಹೊರಬಂದ ಸಮಯ ಬರೆದುಕೊಂಡರು. ಮೇಜಿನ ಖಾನೆಯಿಂದ ಅವನ ರಾಜೀನಾಮೆ ಕಾಗದವನ್ನು ತೆಗೆದು ಅವನಿಗೇ ತಿರುಗಿ ಕೊಟ್ಟರು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಗೋಪುರದಲ್ಲಿ ಒಣಗಿದ ಪೈಪುಗಳನ್ನು ಇಳಿಸಿ ವಾಹನಕ್ಕೆ ತುಂಬಲು 'ಏಣಿ'ಯ ಜೊತೆ ಹೋದ.

ಮಗನ ಬಿಲ್ಲೆ ಮಾತ್ರ ಅತ್ತೆಯ ಬಳಿಯೇ ಉಳಿಯಿತು. ಠಾಣೆಯಿಂದ ವಾಪಸು ಬರುವ ದಾರಿಯೂ ಆಸ್ಪತ್ರೆಯ ಆ ರಸ್ತೆಯೇ. ಬಾಡಿಗೆ ಕಾರಿನ ಕಿಟಕಿಯಾಚೆ ಅದೇ ಮರಗಳು, ಅದೇ ನೆರಳು ಮಡಿಲ ಮೇಲೆ ಹಾದುಹೋಗುತ್ತಿತ್ತು. ಅತ್ತೆ ಬಿಲ್ಲೆಯನ್ನು ಸೊಸೆಯ ಅಂಗೈಯಲ್ಲಿಟ್ಟು, ಅವಳ ಬೆರಳು ಮಡಚಿ, ಅದರ ಮೇಲೆ ತಮ್ಮ ಕೈಯನ್ನೂ ಇಟ್ಟು ಹಾಗೆಯೇ ಹಿಡಿದುಕೊಂಡರು.

"ಆ ಪೈಪು ಅವನು ಸರಿಯಾಗಿ ಕೂರಿಸಿಲ್ಲ," ಎಂದರು ಅತ್ತೆ ಅರ್ಧ ದಾರಿಯಲ್ಲಿ. "ಇವತ್ತು ನಾನು ಮುಟ್ಟೇ ಇಲ್ಲ, ಆಗಲೇ ಹನಿ ಬೀಳ್ತಿತ್ತು."

"ಇರಲಿ ಬಿಡಿ ಅತ್ತೆ," ಎಂದಳು ಸೊಸೆ. "ಮತ್ತೆ ಬರ್ತಾನೆ."